ಕಿಲೋಮೀಟರ್ ಹೆಚ್ಚಿಸುವ ಮೊದಲು: ದೂರ ಓಡುವ ಹೆಣ್ಣುಮಕ್ಕಳು ನೋಡಿಕೊಳ್ಳಬೇಕಾದ್ದು

ಟೈಮಿಂಗ್ ನಿಂತಲ್ಲೇ ನಿಂತುಬಿಟ್ಟಿದೆ, ಏನು ಮಾಡಲಿ? ಐದು, ಹತ್ತು, ಇಪ್ಪತ್ತೊಂದು ಕಿಲೋಮೀಟರ್ ಓಡುವ ಹೆಣ್ಣುಮಕ್ಕಳು ಹೆಚ್ಚಾಗಿ ಕೇಳೋದು ಇದನ್ನೇ. ಸಿಗುವ ಉತ್ತರವೂ ಹೆಚ್ಚಾಗಿ ಒಂದೇ: ಇನ್ನೂ ಜಾಸ್ತಿ ಓಡು. ಶಿವಮೊಗ್ಗದ ನೆಹರು ಕ್ರೀಡಾಂಗಣದಲ್ಲಿ ಇನ್ನೂ ನಾಲ್ಕು ಸುತ್ತು, ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನ ತನಕ ಇನ್ನೊಂದು ಲಾಂಗ್ ರನ್. ನಾನು ಇದನ್ನು ಒಪ್ಪೋದಿಲ್ಲ. ನಮ್ಮ ಕಡೆಯ ಹುಡುಗಿಯರಲ್ಲಿ ಓಟ ಸಾಲದೆ ಟೈಮಿಂಗ್ ನಿಂತಿರೋದು ಕಡಿಮೆ. ರಕ್ತ ಕಡಿಮೆ ಇದ್ದು, ಊಟ ಸಾಲದೆ, ಮುಟ್ಟು ತಪ್ಪಿದ್ದನ್ನು ಯಾರಿಗೂ ಹೇಳದೆ ನಿಂತಿರೋದೇ ಜಾಸ್ತಿ. ಹಾಗಾಗಿ ಇಲ್ಲಿ ಹೇಳುವ ಕ್ರಮ ಇಷ್ಟೇ: ಮೊದಲು ರಕ್ತ, ಆಮೇಲೆ ಊಟ, ಆಮೇಲೆ ಮುಟ್ಟಿನ ಲೆಕ್ಕ. ಅವು ಸರಿಯಾದ ಮೇಲೆ ಓಟದ ಲೆಕ್ಕ.

ಅದಕ್ಕೂ ಮುಂಚೆ, ದೂರದ ಓಟದ ವೇಗ ದೇಹದಲ್ಲಿ ಎಲ್ಲಿಂದ ಬರುತ್ತದೆ ಅನ್ನೋದು ಸ್ವಲ್ಪ ಗೊತ್ತಿರಲಿ. ಮುಖ್ಯವಾಗಿ ಮೂರು ಕಡೆಯಿಂದ. ಒಂದು, ದೇಹ ಒಂದು ನಿಮಿಷದಲ್ಲಿ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋದು. ಇದನ್ನೇ ವಿಓ2 ಮ್ಯಾಕ್ಸ್ ಅಂತಾರೆ. ಎರಡು, ಅದರಲ್ಲಿ ಎಷ್ಟು ಪಾಲನ್ನು ತುಂಬ ಹೊತ್ತು ಹಿಡಿದಿಟ್ಟುಕೊಂಡು ಓಡಬಲ್ಲಿರಿ ಅನ್ನೋದು. ಇದು ಥ್ರೆಶೋಲ್ಡ್. ಮೂರನೆಯದು ರನ್ನಿಂಗ್ ಎಕಾನಮಿ, ಅಂದರೆ ಒಂದೇ ವೇಗಕ್ಕೆ ನಿಮ್ಮ ದೇಹ ಎಷ್ಟು ಆಮ್ಲಜನಕ ಖರ್ಚು ಮಾಡುತ್ತದೆ ಅನ್ನೋದು, ಬೈಕಿಗೆ ಮೈಲೇಜ್ ಇದ್ದ ಹಾಗೆ. ಹೆಂಗಸರ ಹೃದಯ ಗಾತ್ರದಲ್ಲಿ ಚಿಕ್ಕದು, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಗಂಡಸರಿಗಿಂತ ಕಡಿಮೆ, ದೇಹಕ್ಕೆ ಬೇಕೇ ಬೇಕಾದ ಕೊಬ್ಬು ಜಾಸ್ತಿ. ಹಾಗಾಗಿ ವಿಓ2 ಮ್ಯಾಕ್ಸ್ ಸಹಜವಾಗಿಯೇ ಸ್ವಲ್ಪ ಕಡಿಮೆ ಇರುತ್ತದೆ. ಅದಕ್ಕೆ ಬೇಜಾರು ಮಾಡಿಕೊಳ್ಳುವ ಅಗತ್ಯ ಇಲ್ಲ. ಯಾಕೆ ಅಂದರೆ ಉಳಿದವೆರಡೂ ವರ್ಷಗಟ್ಟಲೆ ಬೆಳೆಯುತ್ತಲೇ ಹೋಗುತ್ತವೆ.

ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಇದಕ್ಕೆ ಒಳ್ಳೆಯ ಉದಾಹರಣೆ. 2003ರ ಲಂಡನ್ ಮ್ಯಾರಥಾನನ್ನು ಅವರು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿದರು, ಆ ವಿಶ್ವದಾಖಲೆ 2019ರ ತನಕ ಹಾಗೇ ಇತ್ತು. ಅವರನ್ನು ಹದಿಹರೆಯದಿಂದಲೇ ಪರೀಕ್ಷೆ ಮಾಡುತ್ತಾ ಬಂದವರು ಆಂಡ್ರ್ಯೂ ಜೋನ್ಸ್ ಎಂಬ ವಿಜ್ಞಾನಿ. 1992ರಲ್ಲೂ 2003ರಲ್ಲೂ ಪೌಲಾ ಅವರ ವಿಓ2 ಮ್ಯಾಕ್ಸ್ ಒಂದು ಕೆ.ಜಿ. ತೂಕಕ್ಕೆ ನಿಮಿಷಕ್ಕೆ 70 ಮಿಲಿಲೀಟರ್ ಆಸುಪಾಸಿನಲ್ಲೇ ಇತ್ತಂತೆ. ಬದಲಾದದ್ದು ಎಕಾನಮಿ. ಅದೇ ವೇಗಕ್ಕೆ ಬೇಕಾಗುವ ಆಮ್ಲಜನಕ ಸುಮಾರು ಶೇ 15ರಷ್ಟು ಇಳಿದಿತ್ತು. ಹತ್ತು ಹನ್ನೊಂದು ವರ್ಷ ಗಾಯ, ರಕ್ತಹೀನತೆ, ಸುಸ್ತು ಇವುಗಳಿಗೆ ಪೂರ್ತಿ ಬಲಿಯಾಗದೆ ಓಡುತ್ತಾ ಇದ್ದರೆ ಮಾತ್ರ ಸಿಗುವಂಥದ್ದು ಇದು. ಆದ್ದರಿಂದ ಆರೋಗ್ಯವಾಗಿ ಉಳಿಯೋದೂ ತರಬೇತಿಯೇ.

ರಕ್ತ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ವರದಿ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಜನಕ್ಕೆ ರಕ್ತಹೀನತೆ ಇದೆ. ಓಡುವವರು ಇದರಿಂದ ಹೊರಗಿಲ್ಲ, ಅವರಿಗೆ ಅಪಾಯ ಇನ್ನೂ ಒಂದು ಕೈ ಜಾಸ್ತಿಯೇ. ತಿಂಗಳ ಮುಟ್ಟಿನಲ್ಲಿ ಕಬ್ಬಿಣಾಂಶ ಹೋಗುತ್ತದೆ, ಬೆವರಲ್ಲಿ ಸ್ವಲ್ಪ ಹೋಗುತ್ತದೆ, ಗಟ್ಟಿ ನೆಲದ ಮೇಲೆ ಪಾದ ಬಡಿದೂ ಬಡಿದೂ ಒಂದಿಷ್ಟು ಕೆಂಪು ರಕ್ತಕಣ ಒಡೆದುಹೋಗುತ್ತವೆ.

ಒಂದು ಲೆಕ್ಕ ನೋಡಿ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಎಚ್‌ಬಿ (ನೂರು ಮಿಲಿಲೀಟರ್ ರಕ್ತದಲ್ಲಿರುವ ಹಿಮೋಗ್ಲೋಬಿನ್, ಗ್ರಾಂ ಲೆಕ್ಕದಲ್ಲಿ) 14 ಇರುವ ಹುಡುಗಿಯ ನೂರು ಮಿಲಿಲೀಟರ್ ರಕ್ತ ಹತ್ತಿರ ಹತ್ತಿರ 19 ಮಿಲಿಲೀಟರ್ ಆಮ್ಲಜನಕ ಹೊತ್ತರೆ, ಎಚ್‌ಬಿ 10 ಇರುವವಳ ರಕ್ತ ಹೊರುವುದು 13 ಚಿಲ್ಲರೆ ಮಾತ್ರ. ಕಾಲು ಭಾಗಕ್ಕಿಂತ ಜಾಸ್ತಿ ಖೋತಾ. ಇಂಥವಳಿಗೆ ಇಂಟರ್ವಲ್ (ಜೋರಾಗಿ ಓಡಿ, ಸ್ವಲ್ಪ ಸುಧಾರಿಸಿಕೊಂಡು, ಮತ್ತೆ ಜೋರಾಗಿ ಓಡೋದು) ಮಾಡಿಸಿ, "ಮನಸ್ಸು ಗಟ್ಟಿ ಮಾಡ್ಕೋ" ಅಂತ ಕೂಗಿದರೆ ಏನು ಪ್ರಯೋಜನ? ಅವಳ ಮನಸ್ಸು ಗಟ್ಟಿ ಇದ್ದದ್ದಕ್ಕೇ ಅಲ್ವಾ ಆ ರಕ್ತದಲ್ಲೂ ಅಷ್ಟು ದೂರ ಬಂದಿರೋದು?

ಆದ್ದರಿಂದ ಮೊದಲ ಕೆಲಸ, ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಒಂದೇ ಸಾಲದು, ಫೆರಿಟಿನ್ ಕೂಡ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಫೆರಿಟಿನ್ ಅನ್ನೋದು ದೇಹದ ಕಬ್ಬಿಣದ ಉಳಿತಾಯ. ಅದು 15ಕ್ಕಿಂತ ಕೆಳಗಿದ್ದರೆ ಉಳಿತಾಯ ಖಾಲಿ ಅಂತಲೇ ಅರ್ಥ. ಕ್ರೀಡಾಪಟುಗಳನ್ನು ನೋಡುವ ವೈದ್ಯರು ಎಷ್ಟೋ ಮಂದಿ 30-35ರ ಕೆಳಗೆ ಬಂದಾಗಲೇ ಎಚ್ಚರ ಹೇಳುತ್ತಾರೆ. ಎಚ್‌ಬಿ 12.5 ಇದ್ದು ಫೆರಿಟಿನ್ 9 ಇರೋದು ಅಪರೂಪ ಏನಲ್ಲ. ಆ ವರದಿ ಹಿಡಿದುಕೊಂಡು "ರಕ್ತ ಚೆನ್ನಾಗಿದೆ" ಅಂತ ಮನೆಗೆ ಬಂದುಬಿಡಬೇಡಿ. ಜ್ವರ, ನೆಗಡಿ ಇದ್ದಾಗ ಅಥವಾ ಹಿಂದಿನ ದಿನ ರೇಸ್ ಓಡಿದ್ದಾಗ ಪರೀಕ್ಷೆ ಬೇಡ. ಉರಿಯೂತ ಇದ್ದರೆ ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸುತ್ತದೆ.

ಮಲೆನಾಡಿನವರು ಇನ್ನೊಂದು ವಿಷಯ ನೋಡಬೇಕು. ಅಡಿಕೆ ತೋಟದಲ್ಲಿ, ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಇದನ್ನು ಬಿಟ್ಟು ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ತೂತು ಬಿದ್ದ ಕಡೆ ಸುರಿದ ಲೆಕ್ಕವೇ. ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಟ್ಟಾಗ ತಪ್ಪಿಸಬೇಡಿ, ದೊಡ್ಡವರು ವೈದ್ಯರನ್ನು ಕೇಳಿ ತೆಗೆದುಕೊಳ್ಳಿ, ತೋಟಕ್ಕೆ ಇಳಿಯುವಾಗ ಚಪ್ಪಲಿಯೋ ಬೂಟೋ ಇರಲಿ.

ಈಗ ಊಟದಲ್ಲಿ ಕಬ್ಬಿಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು, ಗಂಡಸಿಗೆ 19. ಮಾಂಸ, ಮೀನು, ಲಿವರ್ ತಿನ್ನುವ ಮನೆಯಾದರೆ ಅದರ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುತ್ತದೆ. ಸಸ್ಯಾಹಾರಿಗಳು ಹುರುಳಿ, ಹೆಸರುಕಾಳು, ಕಡಲೆ, ಹರಿವೆ, ನುಗ್ಗೆಸೊಪ್ಪು ಎಲ್ಲ ತಿನ್ನಿ, ಆದರೆ ಜೊತೆಗೆ ವಿಟಮಿನ್ ಸಿ ಇರುವ ಹಣ್ಣೋ ಕಾಯಿಯೋ ಇರಲೇಬೇಕು. ನಿಂಬೆಹಣ್ಣು ಹಿಂಡಿ, ನೆಲ್ಲಿಕಾಯಿ ಚಟ್ನಿ ಮಾಡಿ, ಸೀಬೆಹಣ್ಣು ತಿನ್ನಿ. ವಿಟಮಿನ್ ಸಿ ಇದ್ದರೆ ಸೊಪ್ಪು ಕಾಳಿನ ಕಬ್ಬಿಣ ಚೆನ್ನಾಗಿ ಹೀರುತ್ತದೆ. ಬೆಲ್ಲ ತಿಂದರೆ ರಕ್ತ ಬರುತ್ತದೆ ಅನ್ನೋದನ್ನೇ ನಂಬಿಕೊಂಡು ಕೂರಬೇಡಿ, ಅದರಲ್ಲಿರುವ ಕಬ್ಬಿಣ ನಿಮ್ಮ ಕೊರತೆ ತುಂಬಲು ಸಾಲದು.

ನಮ್ಮ ಕಡೆ ಓಟ ಮುಗಿಸಿ ಮನೆಗೆ ಬಂದ ತಕ್ಷಣ ದೊಡ್ಡ ಲೋಟದಲ್ಲಿ ಕಾಫಿ. ಅದರ ಹಿಂದೆಯೇ ತಿಂಡಿ, ತಿಂಡಿ ಜೊತೆ ಮಾತ್ರೆ. ಇದು ಸರಿಯಾಗಬೇಕು. ಕಾಫಿ, ಟೀ, ಹಾಲು ಮೂರೂ ಕಬ್ಬಿಣ ಹೀರೋದನ್ನು ತಡೆಯುತ್ತವೆ. ಮಾತ್ರೆಗೂ ಕಾಫಿಗೂ ನಡುವೆ ಕಡಿಮೆ ಅಂದರೂ ಒಂದು ಗಂಟೆ ಬಿಡಿ, ಎರಡಾದರೆ ಇನ್ನೂ ಒಳ್ಳೆಯದು. ಇನ್ನೊಂದು ಸೂಕ್ಷ್ಮ ಇದೆ. ಜೋರಾಗಿ ಓಡಿದ ಮೇಲೆ ಮೂರರಿಂದ ಆರು ಗಂಟೆ ಹೊತ್ತಿಗೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರುತ್ತದೆ, ಅದು ಕರುಳಿನಲ್ಲಿ ಕಬ್ಬಿಣಕ್ಕೆ ಬಾಗಿಲು ಹಾಕುತ್ತದೆ. ಹಾಗಾಗಿ ಬೆಳಿಗ್ಗೆ ಓಡುವವರು ಓಟಕ್ಕೆ ಮುಂಚೆ ಅಥವಾ ಓಟ ಮುಗಿದ ಅರ್ಧ ಗಂಟೆಯೊಳಗೆ, ನಿಂಬೆ ಶರಬತ್ತಿನ ಜೊತೆ ಮಾತ್ರೆ ತೆಗೆದುಕೊಂಡರೆ ಲಾಭ. ದಿನಾ ನುಂಗುವುದಕ್ಕಿಂತ ದಿನ ಬಿಟ್ಟು ದಿನ ತೆಗೆದುಕೊಂಡರೆ ಒಂದೊಂದು ಮಾತ್ರೆಯಿಂದ ಹೀರುವ ಪ್ರಮಾಣ ಜಾಸ್ತಿ ಅಂತ ಯುವತಿಯರ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ನಿಮಗೆ ಯಾವುದು ಸರಿ ಅನ್ನೋದನ್ನು ಡಾಕ್ಟರ್ ಹೇಳಲಿ. ಪರೀಕ್ಷೆ ಮಾಡಿಸದೆ ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ, ದೇಹದಲ್ಲಿ ಕಬ್ಬಿಣ ಜಾಸ್ತಿಯಾದರೂ ತೊಂದರೆ. ಅಂಗನವಾಡಿ, ಶಾಲೆಗಳಲ್ಲಿ ವಾರಕ್ಕೊಂದು ಕೊಡುವ ಮಾತ್ರೆ ತಡೆಗಟ್ಟುವುದಕ್ಕೆ. ಈಗಾಗಲೇ ಕೊರತೆ ಇದ್ದರೆ ಚಿಕಿತ್ಸೆಯ ಪ್ರಮಾಣ ಬೇರೆ. ಎಂಟರಿಂದ ಹನ್ನೆರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ, ಅಲ್ಲಿ ತನಕ ಭಾರಿ ತರಬೇತಿ ಬೇಡ.

ಊಟ ಸಾಕಷ್ಟು ಇದೆಯಾ?

ಇದನ್ನು ಲೆಕ್ಕ ಹಾಕಿಯೇ ನೋಡೋಣ. 50 ಕೆ.ಜಿ. ತೂಕದ ಹುಡುಗಿ, ದೇಹದಲ್ಲಿ ಶೇ 20 ಕೊಬ್ಬು ಅಂತ ಇಟ್ಟುಕೊಳ್ಳಿ. ಕೊಬ್ಬು ಬಿಟ್ಟು ಉಳಿದದ್ದು 40 ಕೆ.ಜಿ. ಓಟದ ಖರ್ಚು ಕಳೆದ ಮೇಲೆ, ಈ 40 ಕೆ.ಜಿ.ಯ ಒಂದೊಂದು ಕೆ.ಜಿ.ಗೂ ದಿನಕ್ಕೆ 45 ಕ್ಯಾಲೊರಿ ಉಳಿದರೆ ದೇಹ ನೆಮ್ಮದಿಯಾಗಿರುತ್ತದೆ. ಅಂದರೆ 1800. ಅದು 30ಕ್ಕಿಂತ ಕೆಳಗೆ, ಅಂದರೆ 1200ಕ್ಕಿಂತ ಕೆಳಗೆ ಬಂದು ಅಲ್ಲೇ ನಿಂತರೆ ಅಪಾಯ. ಈಗ ಓಟ ಸೇರಿಸಿ. ಒಂದು ಕಿಲೋಮೀಟರಿಗೆ, ಒಂದು ಕೆ.ಜಿ. ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಖರ್ಚು. ಹತ್ತು ಕಿಲೋಮೀಟರಿಗೆ 500. ಹಾಗಾದರೆ ಅವಳು 2300 ಕ್ಯಾಲೊರಿ ತಿನ್ನಬೇಕು, 1700ಕ್ಕಿಂತ ಕಡಿಮೆ ತಿಂದರೆ ದೇಹ ಒಂದೊಂದೇ ಕೆಲಸ ನಿಲ್ಲಿಸಲು ಶುರು ಮಾಡುತ್ತದೆ. ಮೊದಲು ಮುಟ್ಟು ತಪ್ಪುತ್ತದೆ, ಈಸ್ಟ್ರೋಜೆನ್ ಇಳಿಯುತ್ತದೆ, ಮೂಳೆ ಸಡಿಲವಾಗುತ್ತದೆ, ಪದೇ ಪದೇ ಶೀತ ಜ್ವರ, ನಿದ್ದೆ ಬರಲ್ಲ, ಎಷ್ಟು ಓಡಿದರೂ ಟೈಮಿಂಗ್ ಕೆಡುತ್ತಲೇ ಹೋಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ, ಅಂದರೆ ಆಟದ ಖರ್ಚಿಗೆ ತಕ್ಕ ಶಕ್ತಿ ದೇಹಕ್ಕೆ ಸಾಲದ ಸ್ಥಿತಿಗೆ, ರೆಡ್-ಎಸ್ ಅಂತ ಹೆಸರಿಟ್ಟಿತು. ಬೇಕಂತಲೇ ಉಪವಾಸ ಮಾಡಬೇಕಿಲ್ಲ, ಕಾಲೇಜಿನ ಬಸ್ಸು ತಪ್ಪುತ್ತದೆ ಅಂತ ತಿಂಡಿ ಬಿಟ್ಟು ಓಡುವ ಹುಡುಗಿಗೂ ಇದು ಬರುತ್ತದೆ.

ಆದ್ದರಿಂದ ಓಟ ಜಾಸ್ತಿಯಾದ ದಿನ ಊಟವೂ ಜಾಸ್ತಿ. ಬೆಳಿಗ್ಗೆ ಓಡುವ ಮುಂಚೆ ಎರಡು ಏಲಕ್ಕಿ ಬಾಳೆಹಣ್ಣು, ಇಲ್ಲವೇ ಒಂದು ತುಂಡು ರೊಟ್ಟಿಗೆ ಜೋನಿ ಬೆಲ್ಲ. ಮುಗಿದ ಒಂದು ಗಂಟೆಯೊಳಗೆ ಹೊಟ್ಟೆ ತುಂಬ ತಿಂಡಿ: ಕಡುಬು, ಅಕ್ಕಿ ರೊಟ್ಟಿ ಏನೇ ಇರಲಿ, ಜೊತೆಗೆ ಕಾಳು, ಮೊಟ್ಟೆ ಅಥವಾ ಮೊಸರು ಇರಲಿ. ನಮ್ಮ ಊಟದಲ್ಲಿ ಅನ್ನ ಧಾರಾಳ, ಪ್ರೋಟೀನ್ ಕಡಿಮೆ. ಓಡುವವರಿಗೆ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.6 ಗ್ರಾಂ ಬೇಕು. ರಾಗಿಯಲ್ಲಿ ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಮೂಳೆಗೆ ಒಳ್ಳೆಯದು, ಅಕ್ಕಿ ಉಣ್ಣುವ ಮನೆಯಲ್ಲೂ ವಾರಕ್ಕೆ ನಾಲ್ಕು ದಿನ ರಾಗಿ ಗಂಜಿ ಬರಲಿ. ಒಂದೂವರೆ ಗಂಟೆ ದಾಟುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯ ಅಂಶ ಹೊಟ್ಟೆಗೆ ಬೀಳಬೇಕು. ನೀರಿಗೆ ಜೋನಿ ಬೆಲ್ಲ, ನಿಂಬೆ, ಚಿಟಿಕೆ ಉಪ್ಪು ಹಾಕಿ ಬಾಟಲಿ ತುಂಬಿಕೊಂಡರೆ ಸಾಕು. ಮನೆಯಲ್ಲಿ ಒಪ್ಪತ್ತು, ಸಂಕಷ್ಟಿ ಅಂತ ಇದ್ದರೆ ಇರಲಿ, ಆದರೆ ಆ ದಿನ ಇಂಟರ್ವಲ್ ಇಡಬೇಡಿ, ವಿಶ್ರಾಂತಿ ಇಡಿ.

ಮುಟ್ಟು

ಮುಟ್ಟನ್ನು ಡೈರಿಯಲ್ಲಿ ಬರೆಯಿರಿ. ಶುರುವಾದ ದಿನ, ಎಷ್ಟು ದಿನ, ಹೊಟ್ಟೆನೋವು ಎಷ್ಟು, ನಿದ್ದೆ ಹೇಗೆ, ಆ ದಿನದ ಓಟ ಹೇಗಿತ್ತು. ಮೂರು ನಾಲ್ಕು ತಿಂಗಳಲ್ಲಿ ನಿಮ್ಮದೇ ಒಂದು ನಕ್ಷೆ ಸಿಗುತ್ತದೆ. ಮುಟ್ಟಿನ ಇಂಥ ವಾರ ಎಲ್ಲರೂ ನಿಧಾನ ಓಡಬೇಕು ಅನ್ನುವ ಚಾರ್ಟುಗಳು ಈಗ ಮೊಬೈಲಿನಲ್ಲಿ ತುಂಬ ಓಡಾಡುತ್ತಿವೆ. ನಾನು ಅದನ್ನು ನಂಬೋದಿಲ್ಲ. ಎಷ್ಟೋ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸರಾಸರಿ ವ್ಯತ್ಯಾಸ ತೀರ ಸಣ್ಣದು, ಒಬ್ಬರಿಂದ ಒಬ್ಬರಿಗೆ ಇರುವ ವ್ಯತ್ಯಾಸವೇ ದೊಡ್ಡದು. ನಿಮಗೆ ಎರಡನೇ ದಿನ ಓಡೋಕೆ ಆಗಲ್ಲ ಅಂದರೆ ಬಿಡಿ, ಆಗುತ್ತದೆ ಅಂದರೆ ಓಡಿ. ನಿಜವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಒಂದಿದೆ: ಮುಟ್ಟಿಗೆ ಮುಂಚಿನ ಎರಡು ವಾರ ದೇಹದ ಉಷ್ಣ 0.3ರಿಂದ 0.5 ಡಿಗ್ರಿ ಏರಿರುತ್ತದೆ. ಏಪ್ರಿಲ್ ತಿಂಗಳ ಶಿವಮೊಗ್ಗದ ಸೆಕೆಯಲ್ಲಿ ಅದು ಗೊತ್ತಾಗಿಯೇ ಆಗುತ್ತದೆ, ಆ ಎರಡು ವಾರ ಪೇಸ್ (ಕಿಲೋಮೀಟರಿಗೆ ಹಿಡಿಯುವ ಸಮಯ) ನೋಡಬೇಡಿ, ನೀರು ಜಾಸ್ತಿ ಕುಡಿಯಿರಿ.

ಮೂರು ತಿಂಗಳು ಸತತ ಮುಟ್ಟಾಗದಿದ್ದರೆ ವೈದ್ಯರ ಹತ್ತಿರ ಹೋಗಲೇಬೇಕು. ಚೆನ್ನಾಗಿ ಓಡುತ್ತಿದ್ದೀಯ, ಅದಕ್ಕೇ ನಿಂತಿದೆ, ಒಳ್ಳೆಯದೇ ಆಯ್ತು ಅಂತ ಹೇಳುವವರ ಮಾತು ಕೇಳಬೇಡಿ. ಅದು ಮೂಳೆ ಸವೆಯುತ್ತಿರುವ ಸೂಚನೆ ಇರಬಹುದು. ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸುವಷ್ಟು ರಕ್ತ ಹೋದರೆ, ಏಳು ದಿನ ದಾಟಿದರೆ, ಗಡ್ಡೆ ಗಡ್ಡೆ ಹೋದರೆ, ಆಗಲೂ ತೋರಿಸಿ. ರೇಸಿಗೆ ಅಂತ, ಪೂಜೆಗೆ ಅಂತ ಮುಟ್ಟು ಮುಂದೂಡುವ ಮಾತ್ರೆಯನ್ನು ಅಕ್ಕನ ಹತ್ತಿರ, ಗೆಳತಿಯ ಹತ್ತಿರ ಇಸ್ಕೊಂಡು ನುಂಗುವ ಅಭ್ಯಾಸ ನಿಲ್ಲಲಿ. ನೋವಿನ ಮಾತ್ರೆ ನುಂಗಿ ಲಾಂಗ್ ರನ್ ಹೋಗೋದೂ ಬೇಡ, ನೀರು ಕಡಿಮೆಯಾದ ದೇಹದಲ್ಲಿ ಅದು ಕಿಡ್ನಿಗೆ ಪೆಟ್ಟು ಕೊಡಬಹುದು.

ಈಗ ಓಟ

ನಿಮ್ಮ ಥ್ರೆಶೋಲ್ಡ್ ಕಂಡುಕೊಳ್ಳಲು ಲ್ಯಾಬ್ ಬೇಕಿಲ್ಲ. ನಾನೂರು ಮೀಟರ್ ಟ್ರ್ಯಾಕ್ ಮತ್ತು ಒಂದು ವಾಚ್ ಸಾಕು. ಹಿಂದಿನ ದಿನ ವಿಶ್ರಾಂತಿ ತೆಗೆದುಕೊಂಡು, ಹದಿನೈದು ನಿಮಿಷ ಮೆಲ್ಲಗೆ ಓಡಿ ಮೈ ಬೆಚ್ಚಗೆ ಮಾಡಿಕೊಂಡು, 30 ನಿಮಿಷ ಒಬ್ಬರೇ ಓಡಿ. ರೇಸಿನ ಹಾಗೆ ಓಡಬೇಕು, ಆದರೆ ಮೊದಲ ಎರಡು ಸುತ್ತು ವೇಗ ಬಿಗಿ ಹಿಡಿದು. ಒಂದೊಂದು ಸುತ್ತಿನ ಟೈಮ್ ಒಂದೇ ಸಮ ಬರಬೇಕು, ಕೊನೆಗೆ ಬರುವಾಗ ಒಂದೆರಡು ಶಬ್ದಕ್ಕಿಂತ ಜಾಸ್ತಿ ಮಾತಾಡೋಕೆ ಆಗಬಾರದು. ಹದಿನೈದು ಸುತ್ತು ಆಯಿತು ಅನ್ನಿ, ಅಂದರೆ 6 ಕಿಲೋಮೀಟರ್, ಕಿಲೋಮೀಟರಿಗೆ 5 ನಿಮಿಷ. ಅದೇ ನಿಮ್ಮ ಥ್ರೆಶೋಲ್ಡ್ ವೇಗ. ವಾರಕ್ಕೊಂದು ಟೆಂಪೊ ಓಟ ಇದಕ್ಕಿಂತ ಕಿಲೋಮೀಟರಿಗೆ 10-15 ಸೆಕೆಂಡ್ ನಿಧಾನದಲ್ಲಿ, ಇಪ್ಪತ್ತು ನಿಮಿಷ. ಉಳಿದ ಸುಲಭದ ಓಟವೆಲ್ಲ ಒಂದರಿಂದ ಒಂದೂವರೆ ನಿಮಿಷ ನಿಧಾನ, ಪಕ್ಕದವಳ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಹೋಗುವಷ್ಟು. ವಾರದ ಓಟದಲ್ಲಿ ಐದರಲ್ಲಿ ನಾಲ್ಕು ಪಾಲು ಇಂಥದ್ದೇ ಇರಲಿ. ನಿಧಾನ ಓಡೋಕೆ ಹುಡುಗಿಯರಿಗೆ ನಾಚಿಕೆ, ಹಿಂದಿನಿಂದ ಯಾರಾದರೂ ಕೂಗುತ್ತಾರೆ ಅಂತ. ಕೂಗಲಿ ಬಿಡಿ.

ಎಕಾನಮಿಗೆ ಎರಡು ಕೆಲಸ. ವಾರಕ್ಕೆರಡು ಸಲ ಭಾರ ಎತ್ತಿ, ಜಿಮ್ ಇಲ್ಲದಿದ್ದರೆ ಒಂಟಿ ಕಾಲಿನ ಬಸ್ಕಿ, ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತಿ ಇಳಿಸೋದು, ಹಗ್ಗದ ಆಟ (ಸ್ಕಿಪ್ಪಿಂಗ್). ತೂಕ ಎತ್ತಿದರೆ ಮೈ ದಪ್ಪ ಆಗುತ್ತದೆ ಅನ್ನುವ ಭಯ ಬೇಡ. ಇನ್ನೊಂದು, ಏರು. ಏರು ನಮ್ಮ ಮಲೆನಾಡಿನಲ್ಲಿ ಬೇಕಾದಷ್ಟಿದೆ. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್ ಏರಿನಲ್ಲಿ ಜೋರಾಗಿ ಓಡಿ ನಡೆದುಕೊಂಡು ಇಳಿಯಿರಿ. ಇಳಿಜಾರಿನಲ್ಲಿ ರಭಸವಾಗಿ ಓಡಿದರೆ ತೊಡೆ ಎರಡು ದಿನ ಹಿಡಿದುಕೊಂಡಿರುತ್ತದೆ, ಅದನ್ನು ನಿಧಾನವಾಗಿ ರೂಢಿ ಮಾಡಿಕೊಳ್ಳಬೇಕು. ಆಗುಂಬೆ ಘಾಟಿಯ ತಿರುವುಗಳಲ್ಲಿ ಮಾತ್ರ ಮಳೆ, ಮಂಜು, ಬಸ್ಸುಗಳ ನಡುವೆ ಈ ಸಾಹಸ ಬೇಡ, ಊರ ಹತ್ತಿರದ ಸಣ್ಣ ಗುಡ್ಡ ಸಾಕು. ಡಿಸೆಂಬರಿನಿಂದ ಮೇ ತನಕ ಕಾಡಿನ ದಾರಿಯಲ್ಲಿ ಉಣುಗು (ಉಣ್ಣೆ ಹುಳ) ಜಾಸ್ತಿ, ಅವು ಹರಡುವ ಮಂಗನ ಕಾಯಿಲೆಯ ಕಾಲ. ಆಗ ಡಾಂಬರು ರಸ್ತೆಯೇ ವಾಸಿ.

ಬೆಟ್ಟದ ಊರಿನವರಿಗೆ ಎತ್ತರದ ತರಬೇತಿಯ ಲಾಭ ತಾನಾಗೇ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ರಕ್ತಕಣ ಹೆಚ್ಚಾಗಲು ಸುಮಾರು 2000 ಮೀಟರಿಗಿಂತ ಮೇಲೆ ವಾರಗಟ್ಟಲೆ ಇರಬೇಕು. ಶಿವಮೊಗ್ಗ 570 ಮೀಟರ್, ಕೊಡಚಾದ್ರಿಯೇ 1343 ಮೀಟರ್. ನಮಗೆ ಸಿಗೋದು ಏರು ಮತ್ತು ತೇವ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಆರಲ್ಲ, ಮೈ ತಣಿಯಲ್ಲ, ಎದೆಬಡಿತ ಏರುತ್ತದೆ. ಅಂಥ ದಿನ ವಾಚಿನ ಪೇಸ್ ಬಿಟ್ಟು ಉಸಿರನ್ನು ನೋಡಿ ಓಡಿ. ಬಿಸಿಲಿನ ಊರಿನಲ್ಲಿ ರೇಸ್ ಇದ್ದರೆ ಹತ್ತರಿಂದ ಹದಿನಾಲ್ಕು ದಿನ ಸೆಕೆಯ ಹೊತ್ತಿನಲ್ಲಿ ಮೆಲ್ಲಗೆ ಓಡಿ ಮೈಗೆ ಅಭ್ಯಾಸ ಮಾಡಿಸಿ. ಹೆಂಗಸರಿಗೆ ಇಲ್ಲೊಂದು ಅನುಕೂಲವೂ ಇದೆ: ಒಂದೇ ತೀವ್ರತೆಯ ಓಟದಲ್ಲಿ ಕೊಬ್ಬನ್ನು ಇಂಧನವಾಗಿ ಬಳಸೋದು ಗಂಡಸರಿಗಿಂತ ಜಾಸ್ತಿ, ಮ್ಯಾರಥಾನಿನ ಎರಡನೇ ಅರ್ಧದಲ್ಲಿ ವೇಗ ಕಳೆದುಕೊಳ್ಳೋದು ಕಡಿಮೆ. ಮೊದಲ ಐದು ಕಿಲೋಮೀಟರಿನಲ್ಲಿ ಹುಡುಗರನ್ನು ಬೆನ್ನಟ್ಟದೆ ನಿಮ್ಮ ಪಾಡಿಗೆ ಓಡಿದರೆ ಕೊನೆಗೆ ಅವರಲ್ಲೇ ಎಷ್ಟೋ ಜನ ಸಿಗುತ್ತಾರೆ.

ಪಿ.ಟಿ. ಮೇಷ್ಟ್ರಿಗೆ, ಅಪ್ಪ ಅಮ್ಮನಿಗೆ

ಹನ್ನೆರಡು ಹದಿಮೂರಕ್ಕೆ ಜಿಲ್ಲಾಮಟ್ಟದಲ್ಲಿ ಗೆದ್ದ ಹುಡುಗಿ ಹದಿನಾಲ್ಕು ಹದಿನೈದಕ್ಕೆ ನಿಧಾನವಾದರೆ ಗಾಬರಿಯಾಗಬೇಡಿ. ಎತ್ತರ, ಸೊಂಟ, ತೂಕ ಎಲ್ಲ ಬದಲಾಗುವ ಕಾಲ ಅದು. ಒಂದೆರಡು ವರ್ಷ ಟೈಮಿಂಗ್ ನಿಲ್ಲುತ್ತದೆ, ಆಮೇಲೆ ಸುಧಾರಿಸುತ್ತದೆ. ಆಗ "ದಪ್ಪ ಆಗಿದ್ದೀಯ, ಅನ್ನ ಬಿಡು" ಅಂತ ಹೇಳಿದ ಒಂದು ಮಾತು ಅವಳ ಇಡೀ ಓಟವನ್ನೇ ಹಾಳು ಮಾಡಬಹುದು. ಮೂಳೆಯ ಬಲದ ದೊಡ್ಡ ಪಾಲು ಇಪ್ಪತ್ತು ವರ್ಷದೊಳಗೆ ಕೂಡುತ್ತದೆ, ಆ ವಯಸ್ಸಲ್ಲಿ ಊಟ ಕಡಿತ ಮಾಡಿದರೆ ಆ ನಷ್ಟ ತುಂಬಿಕೊಳ್ಳೋದು ಕಷ್ಟ. ಎಲ್ಲರ ಮುಂದೆ ತೂಕ ನೋಡಬೇಡಿ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಒಂದು ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ ನೋವಿದ್ದರೆ, ರಾತ್ರಿಯೂ ನೋಯುತ್ತಿದ್ದರೆ, ಎಣ್ಣೆ ತಿಕ್ಕಿ ಓಡಿಸಬೇಡಿ. ಅದು ಮೂಳೆ ಬಿರುಕು ಬಿಟ್ಟಿರಬಹುದು, ಅವತ್ತೇ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಮುಟ್ಟಿನ ವಿಷಯ ಮೇಷ್ಟ್ರ ಹತ್ತಿರ ಹೇಳಲು ಅವಳಿಗೆ ಕಷ್ಟವಾದರೆ ಮೇಡಂ ಒಬ್ಬರನ್ನು, ಹಿರಿಯ ಓಟಗಾರ್ತಿ ಒಬ್ಬರನ್ನು ಜೊತೆಗಿಟ್ಟುಕೊಳ್ಳಿ.

ಬಾಣಂತನ ಮುಗಿಸಿ ಮತ್ತೆ ಓಡಬೇಕು ಅನ್ನುವವರು ಹೆರಿಗೆಯಾದ ಹನ್ನೆರಡು ವಾರದ ತನಕ ಓಟಕ್ಕೆ ಕೈ ಹಾಕಬೇಡಿ, ನಡಿಗೆ ಮತ್ತು ಮೂತ್ರ ಬಿಗಿಹಿಡಿಯುವ ಸ್ನಾಯುಗಳ (ಪೆಲ್ವಿಕ್ ಫ್ಲೋರ್) ವ್ಯಾಯಾಮ ಮಾಡಿ. ಕೆಮ್ಮಿದಾಗ, ಹಾರಿದಾಗ ಮೂತ್ರ ಸೋರಿದರೆ ಸಂಕೋಚ ಬಿಟ್ಟು ಫಿಸಿಯೋ ಹತ್ತಿರ ಹೇಳಿ, ಅದಕ್ಕೆ ಪರಿಹಾರ ಇದೆ. ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ, ಹಾಗಾಗಿ ಶೂ ಕಟ್ಟುವ ಮೊದಲು ಎಚ್‌ಬಿ ಮತ್ತು ಫೆರಿಟಿನ್ ಇನ್ನೊಮ್ಮೆ ಮಾಡಿಸಿ. ಹಾಲೂಡಿಸುತ್ತಿದ್ದರೆ ಮೇಲೆ ಹೇಳಿದ ಊಟದ ಲೆಕ್ಕಕ್ಕೆ ಇನ್ನೂ ನಾನೂರು ಐನೂರು ಕ್ಯಾಲೊರಿ ಸೇರಿಸಿಕೊಳ್ಳಿ.